ತಾನಾಗಿಯೇ ಸರಿಹೋಗಿದ್ದು

ಅವರಿಬ್ಬರ ಪರಿಚಯವಾಗಿದ್ದೇ ಒಂದು ಎಡವಟ್ಟಿನಿಂದ. ಅವಳು ಟೆಲಿಫೋನ್ ಕಂಪನಿಯ ಕಂಟ್ರೋಲ್ ರೂಮಿಗೆ ಆಗಷ್ಟೇ ಸೇರಿದ್ದಳು. ಊರೂರಿನ ಸಂಪರ್ಕಕ್ಕೆ ದಾರಿ ತೋರಿಸುವ ಆಗಿನ ರೂಟರ್‌ಗಳಿಗೆ ತಾಳ್ಮೆ ಅನ್ನುವುದೇ ಇರಲಿಲ್ಲ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಆ ಕ್ಷಣವೇ ಜಾರಿ; ಯೋಚಿಸಲು, ಹಿಂದೆ ಸರಿಯಲು ಪುರುಸೊತ್ತು ಕೊಡುತ್ತಿರಲಿಲ್ಲ. ಹಾಗೆ ಅವಳು ಒತ್ತಿದ ಒಂದು ಸಾಲಿಗೆ ದೂರದ ಊರಿನ ರೂಟರ್ ಅವಳ ಸಂಪರ್ಕವನ್ನೇ ಕತ್ತರಿಸಿಬಿಟ್ಟಿತು. ಸ್ಕ್ರೀನ್ ಕಲ್ಲಿನ ಹಾಗೆ ಕೂತಿತು.

ಅದನ್ನು ನೋಡಲು ಹೋದವನು ಫೀಲ್ಡ್ ಟೆಕ್ನಿಷಿಯನ್. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ, ಅದಕ್ಕೇ ಎಲ್ಲರಿಗೂ ಅವನು 'ಏಣಿ'. ಅಲ್ಲಿಂದ ಅವಳಿಗೆ ಫೋನ್ ಮಾಡಿದ.

"ಏನ್ ಮಾಡಿದ್ರಿ ಮೇಡಂ?"

"ಗೊತ್ತಾಗ್ತಿಲ್ಲ." ಅವಳು ಅಳುತ್ತಿದ್ದಳು.

"ಸೇವ್ ಮಾಡಿದ್ರಾ?"

"ಇಲ್ಲ."

"ಮತ್ಯಾಕೆ ಅಳ್ತೀರಾ? ನೀವು ಹೇಳಿದ್ದನ್ನ ಇದು ಬರೀ ತಲೇಲಿ ಇಟ್ಕೊಂಡಿದೆ, ಬರೆದಿಟ್ಕೊಂಡಿಲ್ಲ. ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಎಲ್ಲಾ ಮರೆತುಬಿಡುತ್ತೆ. ನಾನೂ ಮರೆತುಬಿಡ್ತೀನಿ."

ಅವನು ಮರೆಯಲಿಲ್ಲ. ಮದುವೆಯಾಗಿ, ಮಗಳು ಹುಟ್ಟಿ, ಆ ಮಗು ಶಾಲೆಗೆ ಹೋಗುವಂತಾದ ಮೇಲೂ ಊಟಕ್ಕೆ ಕೂತಾಗ ಅದನ್ನೇ ಎತ್ತುತ್ತಿದ್ದ. "ನಿಮ್ಮಮ್ಮ ಕುರ್ಚಿ ಮೇಲೆ ಕೂತು ಕೆಡಿಸ್ತಾಳೆ ಪುಟ್ಟಿ, ನಾನು ಅಲೆದಲೆದು ರಿಪೇರಿ ಮಾಡ್ತೀನಿ." ಅವರ ಜೊತೆಗೇ ಇದ್ದ ಅತ್ತೆ ಸೊಸೆಯ ಪರ ವಹಿಸುತ್ತಿದ್ದರು. "ಅವಳು ಕೆಡಿಸದೇ ಇದ್ದಿದ್ರೆ ನಿನಗೆ ಹೆಣ್ಣು ಯಾರು ಕೊಡ್ತಿದ್ರೋ?"

ಆಮೇಲೆ ಕಂಪನಿಗೆ ಹೊಸ ರೂಟರ್‌ಗಳು ಬಂದವು. ಇವುಗಳ ಸ್ವಭಾವವೇ ಬೇರೆ. ಬದಲಾವಣೆಗಳನ್ನೆಲ್ಲ ಮೊದಲು ಒಂದು ಕರಡಿನಲ್ಲಿ ಬರೆಯಬೇಕು. ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ಅದೇ ತೋರಿಸುತ್ತದೆ. ಎಲ್ಲ ಸರಿಯಿದೆ ಅನ್ನಿಸಿದರೆ ಒಟ್ಟಿಗೇ ಜಾರಿ ಮಾಡಬಹುದು. ಅವಳಿಗೆ ಇಷ್ಟವಾಗಿದ್ದು ಇನ್ನೊಂದು ಗುಣ. ಜಾರಿ ಮಾಡುವಾಗ ಹತ್ತು ನಿಮಿಷದ ಗಡುವು ಹಾಕಬಹುದಿತ್ತು. ಅಷ್ಟರೊಳಗೆ ಮತ್ತೆ ಒಳಹೊಕ್ಕು 'ಖಚಿತ' ಎಂದು ಹೇಳಿದರೆ ಹೊಸದು ಉಳಿಯುತ್ತದೆ. ಹೇಳದಿದ್ದರೆ, ಜಾರಿ ಮಾಡಿದವರ ಸಂಪರ್ಕ ಕಡಿದಿದೆ ಎಂದು ತಿಳಿದು ರೂಟರ್ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ.

"ಹಾಗಾದ್ರೆ ನನ್ನ ಹೊಟ್ಟೆಪಾಡು?" ಅಂದಿದ್ದ ಅವನು.

"ಮನೇಲಿರು. ಪಾತ್ರೆ ತೊಳಿ."

ಆ ದಿನ ಬೆಟ್ಟದ ಮೇಲಿನ ರೂಟರ್‌ನ ಸರದಿ. ಅಲ್ಲೊಂದು ಸಣ್ಣ ಆಸ್ಪತ್ರೆ, ಒಂದು ಮೊಬೈಲ್ ಟವರ್. ಎರಡಕ್ಕೂ ಅದೇ ರೂಟರ್ ಆಧಾರ. ಹಳೆಯ ರೇಡಿಯೋ ಲಿಂಕ್ ಬಿಟ್ಟು ಹೊಸ ಕೇಬಲ್ಲಿನ ದಾರಿಗೆ ಅದನ್ನು ತಿರುಗಿಸಬೇಕಿತ್ತು. ಕೇಬಲ್ ಸಿದ್ಧವಾಗಿದೆ ಎಂದು ಹಾಕಿದವರು ತಿಳಿಸಿದ್ದರು. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಅವಳು ಕರಡನ್ನು ಎರಡು ಸಲ ಓದಿ, ಗಡುವು ಹಾಕಿ, ಜಾರಿ ಮಾಡಿದಳು.

ಸಂಪರ್ಕ ಕಡಿದುಹೋಯಿತು. ಕೇಬಲ್ಲಿನ ಆ ತುದಿಯನ್ನು ಯಾರೂ ಜೋಡಿಸಿಯೇ ಇರಲಿಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಬೆಟ್ಟದ ಹೆಸರು ಕೆಂಪಾಯಿತು.

ಶಿಫ್ಟ್ ಇನ್‌ಚಾರ್ಜ್ ಕುರ್ಚಿಯಿಂದೆದ್ದು ಬಂದರು. ಕೂದಲು ನರೆತ, ಯಾರಿಗೂ ಕೇಡು ಬಯಸದ, ಯಾವಾಗಲೂ ಗಾಬರಿಯಲ್ಲೇ ಇರುವ ಮನುಷ್ಯ.

"ಗಡುವು ಹಾಕಿದೀನಿ ಸರ್. ತಾನೇ ವಾಪಸ್ ಬರುತ್ತೆ."

"ಬರದಿದ್ರೆ? ಮೇಲೆ ಆಸ್ಪತ್ರೆ ಇದೆ ಕಣಮ್ಮ." ಆಗಲೇ ಅವರ ಕೈ ಫೋನಿನ ಮೇಲಿತ್ತು. "ಏಣಿ ಕೆಳಗೇ ಇದಾನೆ, ಬೆಟ್ಟದ ಬುಡದಲ್ಲಿ. ಹೊರಟಿರಲಿ. ಬಂದ್ರೆ ವಾಪಸ್ ಕರೆಸಿದ್ರಾಯ್ತು."

ಮಾತು ನ್ಯಾಯವಾಗಿಯೇ ಇತ್ತು. ಅವಳು ಬೇಡ ಅನ್ನಲಿಲ್ಲ. ಸ್ಪೀಕರಿನಲ್ಲಿ ಗಂಡನ ದನಿ ಕೇಳಿತು. "ಯಾರು ಸರ್ ಕೆಡಿಸಿದ್ದು? ನಮ್ಮ ಮೇಡಮ್ಮೋರೇನಾ?" ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ವ್ಯಾನ್ ಸ್ಟಾರ್ಟ್ ಆದ ಸದ್ದಿನೊಂದಿಗೆ ಫೋನ್ ಕಟ್ಟಾಯಿತು.

ಅವನು ಮೊದಲ ತಿರುವು ದಾಟಿದ ಮೇಲೆ ಅವಳಿಗೆ ಹೊಳೆಯಿತು. ಬುಡ ಬಿಟ್ಟರೆ ಆ ರಸ್ತೆಗೆ ಸಿಗ್ನಲ್ ಬರುವುದೇ ಮೇಲಿನ ಟವರಿನಿಂದ, ಆ ಟವರ್ ಈಗ ಸತ್ತಿದೆ. ಫೋನ್ ಮಾಡಿದಳು. ವ್ಯಾಪ್ತಿಯ ಹೊರಗೆ. ಮತ್ತೆ ಮಾಡಿದಳು. ಹೊರಗೆ. ಇರಲಿ, ಇನ್ನೇನು ಟವರ್ ವಾಪಸ್ ಬರುತ್ತದೆ ಎಂದುಕೊಂಡು ಪರದೆ ನೋಡುತ್ತ ಕೂತಳು.

ಗಡುವು ಮುಗಿಯಿತು. ಯಾರೂ 'ಖಚಿತ' ಎನ್ನದ ಕಾರಣ ರೂಟರ್ ಹೊಸದನ್ನೆಲ್ಲ ಕೈಬಿಟ್ಟು ಹಳೆಯ ದಾರಿ ಹಿಡಿಯಿತು. ಬೆಟ್ಟದ ಹೆಸರು ಹಸಿರಾಯಿತು. ಆಸ್ಪತ್ರೆಯ ಫೋನುಗಳು ಬಂದವು, ಟವರ್ ಬಂತು. ಇನ್‌ಚಾರ್ಜ್ ಹಣೆ ಒರೆಸಿಕೊಂಡು, "ಪರವಾಗಿಲ್ಲಮ್ಮ, ಈ ರೂಟರ್ರು ಜಾಣ ಡಬ್ಬ" ಅಂದರು.

ಅವಳು ಗಂಡನಿಗೆ ಫೋನ್ ಮಾಡಿದಳು. ಈ ಸಲ ರಿಂಗಾಯಿತು. ಸದ್ಯ, ಎಂದು ಉಸಿರುಬಿಟ್ಟಳು. ಪೂರ್ತಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ಅವನು ಎತ್ತುವುದಿಲ್ಲ, ಒಳ್ಳೆಯ ಅಭ್ಯಾಸ. ಬಿಟ್ಟು ಬಿಟ್ಟು ಮಾಡುತ್ತಲೇ ಇದ್ದಳು. ಕೊನೆಗೆ ಯಾರೋ ಎತ್ತಿದರು.

"ಎಲ್ಲಿದೀಯಾ? ವಾಪಸ್ ಬಾ, ಎಲ್ಲಾ ಸರಿಯಾಯ್ತು."

ಆ ಕಡೆ ಒಬ್ಬ ಅಪರಿಚಿತ ಏದುಸಿರು ಬಿಡುತ್ತಿದ್ದ. "ಅಮ್ಮಾ, ಈ ಫೋನು ಇಲ್ಲಿ ಕಲ್ಲಿನ ಹತ್ರ ಬಿದ್ದು ಒಂದೇ ಸಮ ಹೊಡ್ಕೊಳ್ತಿತ್ತು. ಲಾರಿ ಬ್ರೇಕ್ ಹಿಡೀದೆ ಬಂದು ವ್ಯಾನಿಗೆ ಗುದ್ದಿತಂತೆ. ವ್ಯಾನು ಕೆಳಗೆ ಹೋಗಿದೆ. ನಾಲ್ಕು ಜನ ಇಳೀತಿದೀವಿ. ನೀವು ಅವರಿಗೆ ಏನಾಗ್ಬೇಕು?"

ಅವಳು ಫೋನನ್ನು ಇನ್‌ಚಾರ್ಜ್ ಕೈಗೆ ಕೊಟ್ಟಳು.

ಬೆಟ್ಟದ ಆಸ್ಪತ್ರೆಗೇ ಅವನನ್ನು ಹೊತ್ತೊಯ್ದರು. ಅಷ್ಟರಲ್ಲಿ ಉಸಿರು ನಿಂತಿತ್ತು.

ಅವನನ್ನು ಮನೆಗೆ ತಂದಾಗ ಇನ್‌ಚಾರ್ಜ್ ಅತ್ತೆಯ ಎದುರು ನೆಲದ ಮೇಲೇ ಕುಸಿದು ಕೂತರು. ಏನಾದರೂ ಹೇಳಲೇಬೇಕಿತ್ತು, ಹೇಳಿದರು. "ಆಸ್ಪತ್ರೆಯ ಸಂಪರ್ಕವೇ ಹೋಗಿತ್ತು ಅಮ್ಮ. ರೋಗಿಗಳಿದ್ರು. ನಿಮ್ಮ ಮಗ ಒಂದು ಮಾತೂ ಆಡದೆ ಹೊರಟ. ಅವನಿಂದಲೇ ಅಷ್ಟು ಜನ ಉಳ್ಕೊಂಡ್ರು." ಅತ್ತೆ ಆ ಮಾತನ್ನು ಮುಳುಗುವವರು ಹಗ್ಗ ಹಿಡಿದ ಹಾಗೆ ಹಿಡಿದುಕೊಂಡರು. ಬಂದವರಿಗೆಲ್ಲ ಹೇಳಿದರು. ಮೊಮ್ಮಗಳಿಗೆ ಹೇಳಿದರು. ಮಗಳು ಶಾಲೆಯಲ್ಲಿ ಹೇಳಿ ಬಂದಳು.

ಅವಳು ಮತ್ತೆ ಕೆಲಸಕ್ಕೆ ಹೋದಾಗ ಬೆಟ್ಟದ ಬದಲಾವಣೆ ಹಾಗೇ ಬಾಕಿಯಿತ್ತು. ಬೇರೆಯವರು ಮಾಡುತ್ತೇವೆ ಅಂದರೂ ಬಿಡಲಿಲ್ಲ. ರೂಟರ್ ತನ್ನ ಹಿಂದಿನ ಸ್ಥಿತಿಗಳನ್ನೆಲ್ಲ ಸಮಯದ ಸಮೇತ ಇಟ್ಟುಕೊಂಡಿತ್ತು. ಆ ದಿನದ ಎದುರಿಗೆ ಎರಡೇ ಪದ: ತಾನಾಗಿ ಮರಳಿದೆ. ಕೇಬಲ್ಲಿನ ತುದಿಯಲ್ಲಿ ನಿಂತವನಿಂದ ಜೋಡಣೆ ಆಗಿದೆ ಎಂದು ಎರಡು ಸಲ ಹೇಳಿಸಿ, ಜಾರಿ ಮಾಡಿದಳು. ಹೆಸರು ಹಸಿರಾಗಿಯೇ ಇತ್ತು. 'ಖಚಿತ' ಎಂದು ಟೈಪ್ ಮಾಡುವಾಗ ಅಕ್ಷರ ತಪ್ಪಾಯಿತು, ಅಳಿಸಿ ಮತ್ತೆ ಬರೆದಳು. ಆಮೇಲೆ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ಸಂಜೆ ಮಗಳು ಆಟಕ್ಕೆ ಹೋಗಿದ್ದಾಗ ಅತ್ತೆ ಕೇಳಿದರು.

"ಇವತ್ತೂ ಆ ಬೆಟ್ಟದ ಕೆಲಸಾನೇ ಮಾಡಿದ್ಯಾ?"

"ಹೂಂ."

"ಅವತ್ತು ಅವನು ಅರ್ಧ ದಾರೀಲಿದ್ದ ಅಲ್ವಾ? ಮೇಲೆ ತಲುಪಲೇ ಇಲ್ಲ. ಹಾಗಾದ್ರೆ ಅದನ್ನ ಸರಿ ಮಾಡಿದ್ಯಾರು?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಮುಖದ ಎದುರು ಆಗಲಿಲ್ಲ.

"ಯಾರೂ ಇಲ್ಲ ಅತ್ತೆ. ತಾನಾಗೇ ಸರಿಹೋಯ್ತು. ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಅವರು ಹೋಗಬೇಕಾಗೇ ಇರ್ಲಿಲ್ಲ."

ಅತ್ತೆ ಮಡಿಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬೈದಿದ್ದರೆ, ಎದೆ ಬಡಿದುಕೊಂಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವರು ಎದ್ದು ಬಂದು ಅವಳ ಕೆನ್ನೆ ಒರೆಸಿದರು. ಅಂಗೈ ತಣ್ಣಗಿತ್ತು.

"ಈ ಮಾತು ನನ್ನ ಹತ್ರ ಹೇಳಿದ್ದಾಯ್ತು. ಇನ್ಯಾರಿಗೂ ಹೇಳ್ಬೇಡ. ಪುಟ್ಟಿಗಂತೂ ಹೇಳ್ಲೇಬೇಡ."

ಮರುದಿನ ಗಂಡನ ಚಿಕ್ಕಮ್ಮ ದೂರದ ಊರಿನಿಂದ ಬಂದರು. ಸಾವಿಗೆ ಬರಲಾಗಿರಲಿಲ್ಲ, ಬಾಗಿಲಲ್ಲೇ ಗೊಳೋ ಎಂದು ಅತ್ತರು. ಅತ್ತೆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಹೇಳತೊಡಗಿದರು: ಆಸ್ಪತ್ರೆ, ರೋಗಿಗಳು, ಒಂದು ಮಾತೂ ಆಡದೆ ಹೊರಟ ಮಗ. ಒಂದು ಅಕ್ಷರ ಬಿಡಲಿಲ್ಲ, ದನಿ ಎಲ್ಲೂ ಅಲುಗಲಿಲ್ಲ. ಮಗಳು ಅಜ್ಜಿಯ ಮಂಡಿಗೆ ಗಲ್ಲ ಊರಿ ಎಷ್ಟನೆಯದೋ ಸಲ ಕೇಳುತ್ತಿದ್ದಳು.

"ಅವನಿಂದ ಅಷ್ಟು ಜನ ಉಳ್ಕೊಂಡ್ರು ಕಣೇ," ಅಂದರು ಅತ್ತೆ. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಸೊಸೆಯ ಕಡೆ ತಿರುಗಿದರು. "ಅಲ್ವೇನೇ?"

"ಹೌದು ಅತ್ತೆ," ಅಂದಳು ಅವಳು.