ಅತ್ತೆಯ ಇರುವೆಗಳು

ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲ ಪಂಕ್ತಿ ಇರುವೆಗಳದ್ದು. ನನ್ನ ಅತ್ತೆ ಬರಗೇರಮ್ಮ ಎದ್ದು ಮುಖ ತೊಳೆದವರೇ ಒಂದು ಹಿಡಿ ರವೆಗೆ ಸಕ್ಕರೆ ಬೆರೆಸಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಚಪ್ಪಡಿ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗೂಡಿನ ಬಾಯಿಗೆ ಉದುರಿಸಿ, ಅವು ಹೊತ್ತುಕೊಂಡು ಹೋಗುವುದನ್ನು ನೋಡಿ ಬರುತ್ತಿದ್ದರು. ಆಮೇಲೇ ಅವರ ಬಾಯಿಗೆ ಟೀ. ಮಳೆ ಬರಲಿ, ಜ್ವರ ಬರಲಿ, ಮಾಡದಕೆರೆಗೆ ನೆಂಟರ ಮನೆಗೆ ಹೋಗಿರಲಿ, ಒಂದು ದಿನವೂ ತಪ್ಪಿಸಿದವರಲ್ಲ.

"ನಿಮ್ಮ ಮಗ ಕುರಿ ಮಂದೆ ಕಾಯ್ತಾರೆ, ನೀವು ಇರುವೆ ಮಂದೆ ಕಾಯ್ರಿ ಅತ್ತೆ. ಅಡಿಗೆ ಮನೇಲಿ ಅವುಗಳ ಕಾಟ ತಡಿಯಾಕೆ ನಾನೊಬ್ಬಳು ಇದೀನಲ್ಲ" ಎಂದು ಚುಚ್ಚುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಊರಿಗೇ ಗೊತ್ತು. ಅತ್ತೆ ನಗುತ್ತಿದ್ದರು, ಅಷ್ಟೇ. ಆ ನಗು ಕಂಡರೆ ನನಗೆ ಇನ್ನೂ ಮೈ ಉರಿಯುತ್ತಿತ್ತು.

ಯುಗಾದಿ ಕಳೆದ ವಾರ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು, ಅವರಿಗೆ ಮೂಗಿನ ನಳಿಗೆಯಲ್ಲೇ ಹಾಲು ಗಂಜಿ ಹಾಕಿಸಿ, ಮನೆಗೆ ಬಂದೆವು. ನನ್ನ ಗಂಡ ತಿಮ್ಮೇಶ್ ಭರಮಸಾಗರದ ಕಡೆ ಹೊಲಗಳಲ್ಲಿ ಕುರಿ ಮಂದೆ ಹಾಕಿಕೊಂಡಿದ್ದರು, ಎಂಟು ದಿನಕ್ಕೊಮ್ಮೆ ಬಂದು ತಾಯಿಯ ಮುಖ ನೋಡಿಕೊಂಡು ಹೋಗುತ್ತಿದ್ದರು. ಮಿಕ್ಕ ದಿನ ಮನೆಯಲ್ಲಿ ನಾನು, ಒಂದನೇ ಕ್ಲಾಸಿನ ಮಗಳು ರಂಜಿತಾ, ಮಂಚದ ಮೇಲೆ ಅತ್ತೆ.

ಮಲಗಿ ಮಲಗಿ ಅವರ ಸೊಂಟದ ಕೆಳಗೆ, ಬಲ ಮಗ್ಗುಲಿಗೆ ಹುಣ್ಣಾಯಿತು. ಒಂದು ಬೆಳಿಗ್ಗೆ ಬಟ್ಟೆ ಬದಲಿಸಲು ಹೊರಳಿಸಿ ನೋಡುತ್ತೇನೆ, ಹುಣ್ಣಿನ ತುಂಬ ಕೆಂಪಿರುವೆ. ಆ ಮಗ್ಗುಲಲ್ಲಿ ಅತ್ತೆಗೆ ಮುಟ್ಟಿದ್ದೂ ತಿಳಿಯುತ್ತಿರಲಿಲ್ಲ, ಕಚ್ಚಿದ್ದೂ ತಿಳಿಯುತ್ತಿರಲಿಲ್ಲ. ಹತ್ತಿ ಒದ್ದೆ ಮಾಡಿ ಒಂದೊಂದನ್ನೇ ತೆಗೆಯುತ್ತ ಅತ್ತುಬಿಟ್ಟೆ.

ಡ್ರೆಸ್ಸಿಂಗ್ ಮಾಡಲು ಬಂದ ಸಿಸ್ಟರ್ ಮುಖ ಗಂಟು ಹಾಕಿದರು. "ಇನ್ನೊಂದ್ಸಲ ಇರುವೆ ಹೊಕ್ಕಂಡ್ರೆ ನಂಜಾಗುತ್ತೆ ಮಮತಾ. ಈ ವಯಸ್ಸಿಗೆ ನಂಜಾದ್ರೆ ಉಳಿಯಲ್ಲ. ಹುಣ್ಣಿನ ಹತ್ರ ಒಂದೂ ಬರಬಾರದು, ನೋಡ್ಕೊ."

ನೋಡಿಕೊಂಡೆ. ಏನೇನು ಮಾಡಿಲ್ಲ ಹೇಳಿ. ಪೇಂಟ್ ಡಬ್ಬಿಗಳನ್ನು ಗಿಡ್ಡಗೆ ಕತ್ತರಿಸಿ ನೀರು ತುಂಬಿ, ಮಂಚದ ನಾಲ್ಕು ಕಾಲನ್ನೂ ಅದರೊಳಗೆ ನಿಲ್ಲಿಸಿದೆ. ಮಂಚವನ್ನು ಗೋಡೆಯಿಂದ ಮೊಳ ದೂರ ಎಳೆದೆ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದೆ, ಹೊಸಲಿಗೆ ಅರಿಶಿನ ಸುರಿದೆ, ಇರುವೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ದಿನಕ್ಕೆ ಮೂರು ಸಲ ನೆಲ ಒರೆಸಿದೆ. ಆದರೂ ಎರಡು ದಿನಕ್ಕೊಮ್ಮೆ ಹಾಸಿಗೆಯ ಮೇಲೆ ಸಾಲು. ನೀರು ದಾಟಿ ಹೇಗೆ ಬರುತ್ತಿದ್ದವೋ, ನನಗೆ ತಲೆ ಕೆಟ್ಟು ಹೋಯಿತು.

ಉಣಿಸುವುದು ಬೇರೆ ಒಂದು ಗೋಳು. ಮೊದಲ ಚಮಚ ತೆಗೆದುಕೊಂಡವರು ನುಂಗದೆ ದವಡೆಯಲ್ಲೇ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಎರಡನೆಯದಕ್ಕೆ ಬಾಯಿ ಬಿಡುತ್ತಿರಲಿಲ್ಲ. ಬೇಸತ್ತು ಬಟ್ಟಲು ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋಗಿ ಬಂದರೆ, ಆಗ ಮಿಕ್ಕಿದ್ದನ್ನು ಸುಮ್ಮನೆ ಉಣ್ಣುತ್ತಿದ್ದರು. ಗಂಟಲಿನ ತೊಂದರೆ ಇರಬೇಕು ಅಂದುಕೊಂಡಿದ್ದೆ.

ಒಂದು ದಿನ ಬಾಳೆಹಣ್ಣು ಕಿವುಚಿ ಸಕ್ಕರೆ ಹಾಕಿ ಒಂದು ಚಮಚ ಕೊಟ್ಟು, ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದೆ. ಕಿಟಕಿಯಿಂದ ಸುಮ್ಮನೆ ಒಳಗೆ ಕಣ್ಣು ಹಾಯಿಸಿದೆ. ಅತ್ತೆ ಎಡಗೈಯ ಬೆರಳನ್ನು ಬಾಯೊಳಗೆ ಹಾಕಿ ದವಡೆಯಿಂದ ಹಣ್ಣನ್ನು ತೆಗೆದರು. ಅದನ್ನು ಕಂಬಳಿಯ ಅಂಚಿಗೆ ಸವರಿದರು. ಆಮೇಲೆ ನಿಧಾನವಾಗಿ, ಬೆರಳಿನಿಂದ ಒತ್ತಿ ಒತ್ತಿ, ಕಂಬಳಿಯ ಅಂಚು ನೆಲ ಮುಟ್ಟುವವರೆಗೆ ಮಂಚದಿಂದ ಇಳಿಬಿಟ್ಟರು. ಇಳಿಬಿಟ್ಟು ಅದನ್ನೇ ನೋಡುತ್ತ ಮಲಗಿದರು. ಮುಖದಲ್ಲಿ ಅದೇ ಹಳೆಯ ನಗು, ಅರ್ಧ ಮುಖದಲ್ಲಿ ಮಾತ್ರ.

ಆಗ ನಾನು ಮಾಡಿದ್ದು ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ.

ಒಳಗೆ ನುಗ್ಗಿದೆ. "ಹೇಲು ಉಚ್ಚೆ ಬಳಿದು, ಒಂದೊಂದೇ ಇರುವೆ ಆರಿಸಿ ಸಾಯ್ತಾ ಇದೀನಿ ನಾನು. ನೀನು ದಾರಿ ಮಾಡಿ ಕರೀತಿದೀಯ? ನನ್ನ ಮ್ಯಾಲೆ ಏನು ಹಗೆ ನಿಂಗೆ?" ಎಂದೆ. ಮದುವೆಯಾದಂದಿನಿಂದ ಅತ್ತೆಗೆ ಏಕವಚನ ಆಡಿದ್ದು ಅದೇ ಮೊದಲು. ಹಳೆ ಸೀರೆ ಹರಿದು ಆ ಎಡಗೈಯನ್ನು ಮಂಚದ ಪಟ್ಟಿಗೆ ಬಿಗಿಯಾಗಿ ಕಟ್ಟಿಹಾಕಿದೆ. ಅವರು ಆಂ ಆಂ ಎಂದು ಏನೋ ಹೇಳಲು ಒದ್ದಾಡಿದರು. ನಾನು ಮುಖ ತಿರುಗಿಸಿಕೊಂಡೆ. ಎಲ್ಲ ಅವರ ಒಳ್ಳೆಯದಕ್ಕೇ ಅಂತ ನನಗೆ ನಾನೇ ಹೇಳಿಕೊಂಡೆ.

ಅವತ್ತಿನಿಂದ ಇರುವೆ ನಿಂತವು. ಅತ್ತೆಯ ಊಟವೂ ನಿಂತಿತು.

ಗಂಜಿಗೆ ಬಾಯಿ ತೆರೆಯಲಿಲ್ಲ, ಹಾಲಿಗೆ ತೆರೆಯಲಿಲ್ಲ. ರಂಜಿತಾ ಹತ್ತಿರ ಕೂತು "ಅಜ್ಜಿ, ಉಣ್ಣಜ್ಜಿ" ಎಂದು ಗಲ್ಲ ಹಿಡಿದಳು. ಮೊಮ್ಮಗಳನ್ನು ನೋಡಿ ಕಣ್ಣಲ್ಲಿ ನೀರು ಸುರಿಸಿದರೇ ಹೊರತು ತುಟಿ ಬಿಚ್ಚಲಿಲ್ಲ. ಎರಡು ದಿನ ಹಾಗೇ ಕಳೆಯಿತು. ಹಟ ಅಂದುಕೊಂಡೆ. ನನಗೇನು ಹಟ ಕಡಿಮೆಯೇ, ನೋಡೇ ಬಿಡೋಣ ಎಂದು ಕೈ ಬಿಚ್ಚಲಿಲ್ಲ.

ಮೂರನೆಯ ಬೆಳಿಗ್ಗೆ ಪಕ್ಕದ ಮನೆಯ ಓಬವ್ವಜ್ಜಿ ನೋಡಲು ಬಂದರು. ಅತ್ತೆಯ ಜೊತೆಗಾರ್ತಿ. ಕಟ್ಟಿದ ಕೈ ಕಂಡು ಬಾಗಿಲಲ್ಲೇ ನಿಂತರು.

"ಏನೇ ಇದು, ಎಮ್ಮೆ ಕಟ್ಟಿದಂಗೆ ಕಟ್ಟೀಯಲ್ಲೇ?"

ನಾನು ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಗೋಡೆ ಹಿಡಿದು ಮೆಲ್ಲಗೆ ಕೂತರು. ಅತ್ತೆಯ ಕಡೆ ನೋಡಿದರು.

"ಇನ್ನು ಹೇಳ್ತೀನಿ ಕಣೆ ಬರಗೇರಿ, ಬೈಕೊಬೇಡ" ಎಂದು ಅವರಿಗೆ ಹೇಳಿ ನನ್ನತ್ತ ತಿರುಗಿದರು. "ನಿಂಗೆ ಎರಡು ಸಲ ಹೊಟ್ಟೇಲಿ ನಿಲ್ಲಲಿಲ್ಲ ಅಲ್ವೇನೆ? ಈ ಕೂಸು ನಿಂತಾಗ ನಿಮ್ಮತ್ತೆ ಬೀರಪ್ಪ ದೇವರ ಮುಂದೆ ಕುಂತು ಹೇಳ್ಕಂಡ್ಲು. ಸೊಸೆ ಹೊಟ್ಟೇದು ಉಳೀಲಿ, ನನ್ನ ಉಸಿರು ಇರೋಗಂಟ ನನ್ನ ಕೈಯಾರೆ ಸಾವಿರ ಜೀವಕ್ಕೆ ಹಾಕಿ ಆಮೇಲೆ ನಾನು ಉಣ್ತೀನಿ ಅಂತ. ಒಂದಿನ ತಪ್ಪಿದ್ರೆ ಕೂಸಿಗೆ ಏನಾಗುತ್ತೋ ಅಂತ ಇವಳಿಗೆ ಭಯ."

"ನಂಗೆ ಯಾಕೆ ಹೇಳಲಿಲ್ಲ ಅಜ್ಜಿ?"

"ಹೇಳಿದ್ರೆ ಆ ಭಾರ ನಿನ್ನ ತಲೆ ಮ್ಯಾಲೆ ಬರುತ್ತೆ ಅಂತ. ಕೂಸಿನ ತಾಯಿ ಹೆದರಿಕೊಂಡು ಬದುಕಬಾರದು ಅಂದಿದ್ಲು."

ಓಡಿ ಹೋಗಿ ಗಂಟು ಬಿಚ್ಚಲು ನೋಡಿದೆ, ಬಿಗಿದ ಗಂಟು ಬಿಚ್ಚಲು ಬರಲಿಲ್ಲ. ಕುಡುಗೋಲು ತಂದು ಕೊಯ್ದೆ. ಮಣಿಕಟ್ಟಿನ ಸುತ್ತ ನೀಲಿ ಗೆರೆ ಬಿದ್ದಿತ್ತು, ಕೈ ಬಾತುಕೊಂಡಿತ್ತು. ಅವರಿಗೆ ಉಳಿದಿದ್ದ ಒಂದೇ ಕೈ ಅದು.

"ತಪ್ಪಾತು ಅತ್ತೆ. ಇನ್ನು ಮ್ಯಾಲೆ ನಾನು ಹಾಕ್ತೀನಿ, ದಿನಾ ಹಾಕ್ತೀನಿ" ಎಂದು ಹಿತ್ತಲಿಗೆ ಹೋಗಿ ಗೂಡಿನ ಬಾಯಿಗೆ ಸಕ್ಕರೆ ರವೆ ಸುರಿದೆ. ಇರುವೆಗಳು ಮುತ್ತಿದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬಂದು ತೋರಿಸಿದೆ. ಅತ್ತೆ ಪೂರ್ತಿ ನೋಡಿದರು. ಚಮಚ ಹತ್ತಿರ ಒಯ್ದೆ. ಬಾಯಿ ಮುಚ್ಚಿಕೊಂಡರು.

ತಿಮ್ಮೇಶ್‌ಗೆ ಫೋನ್ ಮಾಡಿದೆ. "ಅವ್ವ ಮಾತು ಕೊಟ್ಟಿದ್ದು ಅವಳ ಕೈಯಿಂದ ಅಂತ. ನಿನ್ನ ಕೈಯಿಂದ ಆದ್ರೆ ಅವಳು ಹೆಂಗೆ ಉಣ್ತಾಳೆ? ನಾನು ಸಂಜೆ ಒಳಗೆ ಬರ್ತೀನಿ" ಎಂದರು. ಅವರ ಹಿಂದೆ ಕುರಿಗಳು ಅರಚುತ್ತಿದ್ದವು. ಇವರಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಸಂಜೆಯವರೆಗೆ ಕಾಯುವ ಹಾಗಿರಲಿಲ್ಲ. ಅತ್ತೆಯ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಎತ್ತಿ ಹಿತ್ತಲಿಗೆ ಒಯ್ಯೋಣವೆಂದರೆ ಆ ಭಾರಕ್ಕೆ ನಾನೂ ಓಬವ್ವಜ್ಜಿಯೂ ಸಾಲೆವು, ಎಳೆದಾಡಿದರೆ ಹುಣ್ಣು ಕಿತ್ತು ಬರುತ್ತದೆ. ಇರುವೆ ಮಂಚ ಹತ್ತದಿರಲಿ ಎಂದು ಪಕ್ಕದಲ್ಲಿ ಸ್ಟೂಲಿನ ಮೇಲೆ ಸಕ್ಕರೆ ತಟ್ಟೆ ಇಟ್ಟು, ಅತ್ತೆಯ ಕೈಯನ್ನು ಮಂಚದಾಚೆ ಚಾಚಲು ಹೋದೆ. ಬಾತ ಕೈ ಮೊಣಕೈಯಲ್ಲಿ ನೆಟ್ಟಗಾಗಲಿಲ್ಲ, ಅತ್ತೆ ನೋವಿಗೆ ನರಳಿದರು. ಕಟ್ಟಿದವಳು ನಾನೇ ಅಲ್ಲವೇ.

ಅವರ ಅಂಗೈ ಬಿಡಿಸಿ, ಅದರೊಳಗೆ ಸಕ್ಕರೆ ಇಟ್ಟೆ. ಕೈಯನ್ನು ಕಂಬಳಿಯ ಮೇಲೆಯೇ ಮಲಗಿಸಿದೆ. ನೆಲದ ಮೇಲೆ ಹೊಸಲಿನಿಂದ ಮಂಚದವರೆಗೆ ಸಕ್ಕರೆ ಉದುರಿಸುತ್ತ ಬಂದೆ, ನಾನೇ ಸುರಿದಿದ್ದ ಅರಿಶಿನ ಒರೆಸಿದೆ, ನಾನೇ ಎಳೆದಿದ್ದ ಗೆರೆ ಅಳಿಸಿದೆ. ಕೊನೆಗೆ ಕಂಬಳಿಯ ಅಂಚನ್ನು ನೆಲ ಮುಟ್ಟುವ ಹಾಗೆ ಇಳಿಬಿಟ್ಟೆ.

"ಹುಣ್ಣಿಗೆ ಹೊಕ್ಕಂಡ್ರೆ ಏನೇ ಗತಿ?" ಎಂದರು ಓಬವ್ವಜ್ಜಿ.

"ಉಣ್ಣದೆ ಹೋದ್ರೆ ಏನು ಗತಿ ಹೇಳಜ್ಜಿ" ಎಂದೆ.

ಇರುವೆ ಬರಲು ಬಹಳ ಹೊತ್ತು ಹಿಡಿಯಿತು. ಮೊದಲು ಒಂದು, ಆಮೇಲೆ ಮೂರು, ಆಮೇಲೆ ಸಾಲು. ಕಂಬಳಿ ಹತ್ತಿ, ಮಣಿಕಟ್ಟಿನ ನೀಲಿ ಗೆರೆ ದಾಟಿ, ಅಂಗೈಗೆ ಇಳಿದವು. ಆ ಕೈಯಲ್ಲಿ ಅತ್ತೆಗೆ ಎಲ್ಲ ತಿಳಿಯುತ್ತಿತ್ತು. ಕಚ್ಚಿದಾಗ ಬೆರಳು ನಡುಗುತ್ತಿದ್ದವು, ಆದರೂ ಕೈ ಮುಚ್ಚಲಿಲ್ಲ. ಒಂದೊಂದು ಇರುವೆ ಕಾಳು ಹೊತ್ತು ಹೊರಟಾಗಲೂ ಅವರು ಕಣ್ಣಲ್ಲೇ ಅದನ್ನು ಕಂಬಳಿಯ ಅಂಚಿನವರೆಗೆ ಕಳಿಸಿಕೊಡುತ್ತಿದ್ದರು.

"ಇವತ್ತಿಂದು ಆತು ಅತ್ತೆ. ಉಣ್ರಿ" ಎಂದೆ.

ಬಾಯಿ ತೆರೆದರು. ಮೊದಲ ಚಮಚ ನುಂಗಿದರು, ಎರಡನೆಯದಕ್ಕೆ ತಾವೇ ಬಾಯಿ ಬಿಟ್ಟರು. ನಾನು ಒಂದು ಕೈಯಲ್ಲಿ ಗಂಜಿ ಕುಡಿಸುತ್ತ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು, ಸೊಂಟದ ಕಡೆ ತಿರುಗಿದ ಇರುವೆಗಳನ್ನು ಒರೆಸುತ್ತ ಕೂತೆ. ಒರೆಸಿದಷ್ಟೂ ಬರುತ್ತಲೇ ಇದ್ದವು.