ಅತ್ತೆ ಮತ್ತೆ ದೀಪ ಹಚ್ಚಿದ್ದು

ಆ ರಾತ್ರಿ ನನಗೆ ಎಚ್ಚರವಾದದ್ದು ಅತ್ತೆಯ ಕೆಮ್ಮಿನಿಂದಲ್ಲ. ಪಡಸಾಲೆಯಲ್ಲಿ ಅತ್ತೆ ನಕ್ಕಿದ್ದರು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ಸಣ್ಣ ನಗೆ, ಗೋಡೆಯ ಈಚೆ ಮಲಗಿದ್ದ ನನಗಷ್ಟೇ ಕೇಳಿಸುವಂಥದ್ದು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನೆದುರು ಅವರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ನಗಿಸಿದವಳು ಖಾಸಿಂಬೀ. ಯಾದಗಿರಿಯ ಹುಡುಗಿ. ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಮಾನವಶಾಸ್ತ್ರ ಓದುತ್ತಿದ್ದಳು. ಶಹಾಪುರದ ಸುತ್ತ ಕಾಲುವೆ ನೀರು ಬಂದ ಊರುಗಳಲ್ಲಿ ಜನ ತಮ್ಮ ಕಾಯಿಲೆಯನ್ನು ಏನೆಂದು ತಿಳಿಯುತ್ತಾರೆ, ಔಷಧವನ್ನು ಯಾಕೆ ನಡುವೆಯೇ ಬಿಡುತ್ತಾರೆ ಎಂದು ನೋಡಲು ಬಂದವಳಿಗೆ ನನ್ನ ಗಂಡ ಬಾಲಪ್ಪ ನಮ್ಮ ಮನೆಯ ಮುಂದಿನ ಕೋಣೆ ಕೊಟ್ಟಿದ್ದರು. ಸಂಜೆಯಾದರೆ ಅವಳು ಅತ್ತೆಯ ಕಂಬಳಿಯ ಮೇಲೆ ಕೂತು, ಸಣ್ಣ ಟೇಪ್ ರೆಕಾರ್ಡರು ನಡುವೆ ಇಟ್ಟು, ಕುರಿ ಹಿಂಡಿನ ಕಾಲದ ಕಥೆ ಕೇಳುತ್ತಿದ್ದಳು. ಅತ್ತೆ ಅವಳನ್ನು 'ಖಾಸೂ' ಎನ್ನುತ್ತಿದ್ದರು. ನನ್ನನ್ನು 'ಕಾಲೇಜಿನಾಕಿ' ಎನ್ನುತ್ತಿದ್ದರು.

"ಏನವ್ವಾ ಮೋನಮ್ಮ, ನಿಮ್ಮತ್ತಿ ಮಾಳಮ್ಮಗ ಹೊಸ ಸೊಸಿ ಸಿಕ್ಕಾಳಂತ?" ಎಂದು ಎದುರುಮನೆಯ ದುರಗಮ್ಮ ನಳದ ಹತ್ತಿರ ಎಲ್ಲರ ಮುಂದೆ ಕೇಳಿದಳು. ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ.

ಅತ್ತೆಗೆ ಕ್ಷಯ. ಒಂದು ದಿನ ಬಿಟ್ಟು ಒಂದು ದಿನ ಗುಳಿಗೆಗಳನ್ನು ಅವರ ಅಂಗೈಗೆ ಹಾಕಿ, ನೀರು ಕೊಟ್ಟು, ನುಂಗುವವರೆಗೆ ಎದುರು ನಿಲ್ಲುವವಳು ನಾನು.

"ನುಂಗಿದ್ರ್ಯಾ ಅತ್ತಿ?"

"ಹೂಂ."

ನಮ್ಮ ಮಾತು ಅಷ್ಟೇ. ನಡುವೆ ಬಿಟ್ಟರೆ ರೋಗ ತಿರುಗಿ ಬರುತ್ತದೆ, ಆಮೇಲೆ ಈ ಗುಳಿಗೆಗೂ ಬಗ್ಗುವುದಿಲ್ಲ ಎಂದು ಆಸ್ಪತ್ರೆಯ ಸಿಸ್ಟರು ಎಚ್ಚರಿಸಿದ್ದರು. ಅದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಗುಳಿಗೆ ಶುರುವಾದ ಮೇಲೆ ಅತ್ತೆ ಪಡಸಾಲೆಯ ಮೂಲೆ ಬಿಟ್ಟು ಏಳಲಿಲ್ಲ. ತಟ್ಟೆ ಬೇರೆ, ನೀರಿನ ಚರಿಗೆ ಬೇರೆ. ದೇವರ ಜಗಲಿಯ ಹತ್ತಿರ ಸುಳಿಯಲಿಲ್ಲ. ಕೆಮ್ಮು ಮೊಮ್ಮಕ್ಕಳಿಗೆ ಹತ್ತೀತೆಂದು ದೂರ ಕೂತಿದ್ದಾರೆ ಎಂದು ನಾವು ತಿಳಿದೆವು. ಸೊಸೆ ಮುದುಕಿಯನ್ನು ಮೂಲೆಗೆ ಹಾಕಿದಳೆಂದು ಓಣಿ ತಿಳಿಯಿತು.

ಖಾಸಿಂಬೀ ಬಂದು ಕೆಲವು ವಾರಗಳಾಗಿದ್ದಾಗ, ಒಂದು ಸೋಮವಾರ ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು ಜಗಲಿಯ ಮೇಲೆ ದೀಪ ಹಚ್ಚಿದರು. ಅಡುಗೆಮನೆಗೆ ಬಂದು ನನ್ನನ್ನು ಸರಿಸಿ ತಾವೇ ರೊಟ್ಟಿ ಬಡಿದರು.

"ಅವ್ವ ಹುಷಾರಾದಳು ನೋಡು! ಖಾಸಿಂಬೀ ಬಂದಿದ್ದು ಚಲೋ ಆತು," ಎಂದರು ಬಾಲಪ್ಪ.

ನನ್ನ ಪಾಲಿನ ರೊಟ್ಟಿಯನ್ನು ಮಕ್ಕಳ ತಟ್ಟೆಗೆ ಹಾಕಿದೆ.

ಊಟಕ್ಕೆ ಕೂತಾಗ ನಾನು ಖಾಸಿಂಬೀಯನ್ನು ಕೇಳಿದೆ. "ಅತ್ತಿಗೆ ಅದೇನ್ ಕೇಳತೀರಿ ದಿನಾ?"

"ರೋಗದ್ದೇನೂ ಕೇಳಂಗಿಲ್ರಿ ಅಕ್ಕಾ. ಔಷಧ ಯಾಕ ಬಿಟ್ಟಿ ಅಂತ ಕೇಳಿದ್ರ ಯಾರೂ ಖರೇ ಹೇಳಂಗಿಲ್ಲ, ಅಂಜತಾರ. ಹೊತ್ತು ಹ್ಯಾಂಗ ಹೋಗತದ, ಏನ್ ಮಾಡತೀರಿ, ಏನ್ ಬಿಟ್ಟೀರಿ ಅಂತ ಕೇಳಬೇಕು. ಡಾಕ್ಟರಿಗೆ ಕಾಣೋ ರೋಗ ಬ್ಯಾರೆ, ಮನಿಯೊಳಗ ಬಾಳೋ ರೋಗ ಬ್ಯಾರೆ."

ಕೆಲವು ದಿನಕ್ಕೆ ಅತ್ತೆಯ ಕೆಮ್ಮು ಮತ್ತೆ ಜೋರಾಯಿತು. ಅಂಗಳದಲ್ಲಿ ಅತ್ತೆಯ ಕಂಬಳಿ ಕೊಡವುತ್ತಿದ್ದಾಗ ಅಂಚಿನ ಮಡಿಕೆಯಿಂದ, ಅವರು ನುಂಗಿದಂತೆ ಮಾಡಿ ಬಚ್ಚಿಟ್ಟಿದ್ದ ಗುಳಿಗೆಗಳು ಉದುರಿದವು. ಕೋಳಿ ಓಡಿಬಂದು ಒಂದನ್ನು ಕುಕ್ಕಿ ಬಿಟ್ಟಿತು. ಹೆದರಿ ಎಲ್ಲವನ್ನೂ ಆಯ್ದು ಸೆರಗಿಗೆ ಕಟ್ಟಿಕೊಂಡೆ. ಭಯದ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಇಷ್ಟೆಲ್ಲ ನಗಿಸಿದವಳಿಗೂ ಇದು ಗೊತ್ತಿಲ್ಲ.

ಅತ್ತೆ ಗುಳಿಗೆ ನುಂಗುತ್ತಿಲ್ಲವೆಂದು ಹೇಳಿದಾಗ, "ಖಾಸಿಂಬೀ ಕೇಳಲಿ," ಎಂದರು ಬಾಲಪ್ಪ. "ನಿನ್ನ ಮುಂದ ಅವ್ವ ಬಾಯಿ ಬಿಡಂಗಿಲ್ಲ."

ಅವರು ಹಾಗೆನ್ನದಿದ್ದರೆ ಬಹುಶಃ ನಾನೇ ಅವಳನ್ನು ಕರೆಯುತ್ತಿದ್ದೆ. ಈಗ ಸಾಧ್ಯವಿರಲಿಲ್ಲ. ಖಾಸಿಂಬೀ ಸುರಪುರಕ್ಕೆ ಹೋದ ದಿನ, ಅವಳ ವಿದ್ಯೆಯನ್ನೇ ಹಿಡಿದುಕೊಂಡು ಅತ್ತೆಯ ಕಂಬಳಿಯ ಮೇಲೆ ಹೋಗಿ ಕೂತೆ. ಗುಳಿಗೆಯ ಹೆಸರೆತ್ತಲಿಲ್ಲ.

"ಅತ್ತಿ, ಅಷ್ಟು ದಿನ ದೀಪ ಹಚ್ಚಲಿಲ್ಲ ನೀವು. ದೇವರ ಮ್ಯಾಲೆ ಸಿಟ್ಟಾಗಿದ್ರ್ಯಾ?"

"ದೇವರ ಮ್ಯಾಲ ಯಾಕ ಸಿಟ್ಟಾಗಲಿ? ಮುಟ್ಟಬಾರದಿತ್ತು, ಮುಟ್ಟಲಿಲ್ಲ."

"ಯಾಕ ಮುಟ್ಟಬಾರದು?"

ಅವರು ಬಾಗಿಲ ಕಡೆ ನೋಡಿದರು. ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. "ಈ ವಯಸ್ಸಿನ್ಯಾಗ ಹೇಳಾಕ ನಾಚಿಕಿ. ಗುಳಿಗಿ ನುಂಗಿದ್ರ ಹೊರಗ ಆಗತೇನಿ. ನಿಂತು ಎಷ್ಟೋ ವರ್ಷ ಆಗಿತ್ತು. ಕೆಂಪಗ ಹೋಗತದ."

ನನಗೆ ತಟ್ಟನೆ ಹೊಳೆಯಿತು. ಈ ಗುಳಿಗೆ ಉಚ್ಚೆಗೆ ಕೆಂಪು ಬಣ್ಣ ತರುತ್ತದೆಂದು ಸಿಸ್ಟರು ಬಾಲಪ್ಪನವರಿಗೆ ಹೇಳಿದ್ದರು, ಅವರು ನನಗೆ ಹೇಳಿದ್ದರು. ಅಂಥ ಮಾತನ್ನು ಅತ್ತೆಗೆ ತಲುಪಿಸುವುದು ಯಾರ ಕೆಲಸವೆಂದು ಇಬ್ಬರೂ ಯೋಚಿಸಿರಲಿಲ್ಲ. ಮೂಲೆ, ಬೇರೆ ತಟ್ಟೆ, ಬೇರೆ ಚರಿಗೆ: ಕಾಯಿಲೆಯವರಂತೆ ಅಲ್ಲ, ಮುಟ್ಟಾದವರಂತೆ ಅತ್ತೆ ಕೂತಿದ್ದರು. ಗುಳಿಗೆ ಬಿಟ್ಟ ಮೇಲೆ ಮಿಂದು ಒಳಗೆ ಬಂದಿದ್ದರು.

"ಅದು ಮುಟ್ಟಲ್ರಿ ಅತ್ತಿ. ಉಚ್ಚಿಯ ಬಣ್ಣ, ಗುಳಿಗಿದು. ನಿಮ್ಮ ಮಗ ನುಂಗಿದ್ರೂ ಹಂಗ ಕೆಂಪಗ ಬರತದ."

"ಬಾಲಪ್ಪಗೂ?"

"ಹೂಂರಿ, ಗಂಡಸರಿಗೂ."

ಅವರು ನನ್ನನ್ನು ದಿಟ್ಟಿಸಿದರು. "ಇದನ್ನ ಮೊದಲ ಹೇಳಾಕ ಏನಾಗಿತ್ತು ನಿಮಗ? ಗಂಡ ಹೆಂಡ್ತಿ ಇಬ್ರೂ ಸಾಲಿ ಕಲ್ತೀರಿ, ಬಾಯಿ ಮಾತ್ರ ಹೊಲಕೊಂಡೀರಿ!"

ಆಮೇಲೆ ನನ್ನ ಮಣಿಕಟ್ಟು ಹಿಡಿದರು. "ಖಾಸೂನ ಮುಂದ ಅನಬ್ಯಾಡ. ಚಲೋ ಹುಡುಗಿ, ಆದ್ರ ಎಲ್ಲಾ ಆ ಡಬ್ಬ್ಯಾಗ ತುಂಬತಾಳ."

ಮರುದಿನ ಸಿಸ್ಟರಿಗೆ ಗುಳಿಗೆ ತಪ್ಪಿದ್ದನ್ನು ತಿಳಿಸಿದೆ. ಯಾಕೆ ಎಂದು ಕೇಳಿದರು. ಮರೆತಿದ್ದರು ಎಂದೆ. ಅವರು ಬೈದರು, ಕಫ ಮತ್ತೆ ತಪಾಸಣೆಗೆ ಕಳಿಸಿದರು, ಗುಳಿಗೆ ಮುಂದುವರಿಸಲು ಹೇಳಿದರು. ಅತ್ತೆ ನನ್ನೆದುರು ನುಂಗಿ, ಕೇಳದಿದ್ದರೂ ಬಾಯಿ ತೆರೆದು ತೋರಿಸಿದರು. ಆಮೇಲೆ ಎದ್ದು ಹೋಗಿ ದೀಪ ಹಚ್ಚಿದರು.

ಸುರಪುರದಿಂದ ಬಂದ ಖಾಸಿಂಬೀ ದೀಪವನ್ನೂ, ಗುಳಿಗೆಯ ಖಾಲಿ ಪೊಟ್ಟಣವನ್ನೂ ನೋಡಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು.

"ಅಕ್ಕಾ, ಅತ್ತಿ ಗುಳಿಗಿ ಬಿಟ್ಟಿದ್ರಂತ, ಈಗ ಮತ್ತ ತಗೊಳಾಕತ್ತಾರಂತ. ಏನ್ ಹೇಳಿದ್ರು ನಿಮಗ? ಸುತ್ತಲಿನ ಊರಾಗ ಹೆಣ್ಣಮಕ್ಕಳು ಸುರುವಿಗೇ ಬಿಡಾಕತ್ತಾರ. ಯಾಕ ಅಂತ ನನಗ ಇನ್ನೂ ಸಿಕ್ಕಿಲ್ಲ. ನಿಮಗ ಸಿಕ್ಕಿದ್ರ ಹೇಳ್ರಿ, ಹೆಸರು ಹಾಕಂಗಿಲ್ಲ."

ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ. ಒಂದು ಮಾತು ಹೇಳಿದರೆ ಎಷ್ಟು ಮನೆಗಳ ಮೂಲೆಗಳಿಂದ ಎಷ್ಟು ಹೆಂಗಸರು ಏಳುತ್ತಿದ್ದರೋ, ನನಗೂ ತಿಳಿಯದ್ದೇನಲ್ಲ. ಅತ್ತೆ ಬೇಡವೆಂದಿದ್ದರು, ಅದು ನಿಜ. ಅವರು ಬೇಡವೆನ್ನದಿದ್ದರೂ ನಾನು ಹೇಳುತ್ತಿರಲಿಲ್ಲ. ಖಾಸಿಂಬೀಗೆ ಸಿಗದೆ ಅತ್ತೆಯಿಂದ ನನಗಷ್ಟೇ ಸಿಕ್ಕಿದ್ದು ಆ ಗುಟ್ಟೊಂದೇ.

"ಏನಿಲ್ಲ ಖಾಸಿಂಬೀ," ಎಂದು ಚಹಾ ಸೋಸಿ ಅವಳ ಕೈಗೆ ಕೊಟ್ಟೆ. "ವಯಸ್ಸಾದೋರು, ಮರ್ತಿದ್ರು."

ರಾತ್ರಿ ಬಾಲಪ್ಪ ಕೇಳಿದರೂ ಇದನ್ನೇ ಹೇಳುವುದು, ಯಾರಿಗೂ ಬೇರೇನೂ ಹೇಳುವುದು ಬೇಡ ಎಂದು ಅಲ್ಲೇ ಒಲೆಯ ಮುಂದೆ ನಿಶ್ಚಯ ಮಾಡಿಕೊಂಡೆ.