ಮೌಲನ ಅಂಕಿತ

ದೀಪದ ಬತ್ತಿಯನ್ನು ಮುಂದಕ್ಕೆ ನೂಕುತ್ತಿದ್ದ ಯರ್ರಮ್ಮನಿಗೆ ಅಂಗಳದಿಂದ ಒಂದು ಸಣ್ಣ ಸದ್ದು ಕೇಳಿಸಿತು. ಯಾರೋ ಮೆಟ್ಟು ಕಳಚಿ, ಎರಡನ್ನೂ ಒಂದಕ್ಕೊಂದು ತಟ್ಟಿ ಧೂಳು ಕೊಡವಿ, ಮೆಲ್ಲಗೆ ಕೆಳಗಿಟ್ಟಿದ್ದರು. ಭಜನೆಯವರು ತಾಳಗಳನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದರು. ಅವರಲ್ಲಿ ಯಾರೂ ತಲೆ ಎತ್ತಲಿಲ್ಲ. ಅವಳ ಬೆರಳು ಮಾತ್ರ ಎಣ್ಣೆಯಲ್ಲೇ ನಿಂತಿತು. ಹಾಗೆ ಮೆಟ್ಟು ತಟ್ಟುವವನು ಮೊಳಕಾಲ್ಮೂರಿಗೆಲ್ಲ ಒಬ್ಬನೇ. ಐದು ವರ್ಷದಿಂದ ಅವನು ಈ ಅಂಗಳ ತುಳಿದಿರಲಿಲ್ಲ.

"ಯರ್ರಮ್ಮಕ್ಕ, ಒಳಗೆ ಬರ್ಲಾ?" ಮೌಲಾ ಸಾಬ್ ಹೊಸ್ತಿಲ ಆಚೆಗೇ ನಿಂತು ಕೇಳಿದ.

"ಬಾ ಮೌಲಣ್ಣ. ಬ್ಯಾಡ ಅನ್ನೋರು ಯಾರದಾರೆ."

ಅವನು ಬಗ್ಗಿ ಒಳಗೆ ಬಂದ. ರೇಷ್ಮೆ ನೂಲಿಗೆ ಬಣ್ಣ ಹಾಕಿ ಹಾಕಿ ಅವನ ಉಗುರುಗಳು ಕಾಯಂ ನೀಲಿಯಾಗಿದ್ದವು. ಗೋಡೆಗೆ ಒರಗಿಸಿ ಕೂರಿಸಿದ್ದ ಯರ್ರಮ್ಮನ ಗಂಡ ಕ್ಯಾತಪ್ಪನ ಹೆಣದ ಎದುರಿಗೆ ಕುಳಿತು, ಒಂದು ಕಡೆ ಜಾರಿದ್ದ ರುಮಾಲನ್ನು ಆ ಉಗುರುಗಳಿಂದ ಸರಿಮಾಡಿದ. ಆಮೇಲೆ ಬಹಳ ಹೊತ್ತು ಆ ಮುಖವನ್ನೇ ನೋಡಿದ.

"ಹೆಂಗಾತು?"

"ಸಂಜೆ ಚಳ್ಳಕೆರೆಯಿಂದ ಬಂದ್ರು. ಎದೆ ಹಿಡ್ಕಂಡೈತೆ ಅಂದ್ರು. ನೀರು ಕಾಯೋ ಹೊತ್ತಿಗೆ ಮುಗಿದೋಗಿತ್ತು."

"ಏನಾದ್ರೂ ಹೇಳಿದ್ನಾ? ನನ್ನ ವಿಷ್ಯ?"

ಈ ಪ್ರಶ್ನೆ ಬರುತ್ತದೆಂದು ಮೆಟ್ಟಿನ ಸದ್ದು ಕೇಳಿದಾಗಲೇ ಅವಳಿಗೆ ಗೊತ್ತಿತ್ತು. "ಏನೂ ಹೇಳ್ಲಿಲ್ಲ ಮೌಲಣ್ಣ," ಎಂದಳು. ಅದು ನಿಜವೇ. ಆದರೂ ಹೇಳುವಾಗ ಅವಳು ದೀಪದ ಕಡೆಗೆ ತಿರುಗಿ ಬತ್ತಿ ನೂಕಿದಳು.

*

ಬೆಳಗಾಯಿತು. ಮಗಳು ರಂಗಕ್ಕ ತಳಕಿನಿಂದ ಬರುವವರೆಗೂ ಮಣ್ಣು ಮಾಡುವಂತಿರಲಿಲ್ಲ. ಅವಳಿಗಿಂತ ಮೊದಲು ಚಳ್ಳಕೆರೆಯ ಗಾಡಿಯಲ್ಲಿ ದೊಡ್ಡೀರಪ್ಪ ಮೇಷ್ಟ್ರು ಬಂದಿಳಿದರು. ಖಾದಿ ಟೋಪಿ ಕೈಯಲ್ಲಿತ್ತು. ಜಗಲಿಯ ಒಂದು ತುದಿಯಲ್ಲಿ ಮೌಲಾ ಸಾಬ್ ಕುಳಿತಿದ್ದುದನ್ನು ಕಂಡು ಅವರು ಇನ್ನೊಂದು ತುದಿಗೆ ಹೋಗಿ ಕುಳಿತರು. ಒಂದು ಕಾಲದಲ್ಲಿ ಅದೇ ಜಗಲಿಯಲ್ಲಿ ಇಬ್ಬರೂ ಒಂದೇ ಮೊರದಿಂದ ಕಡಲೆಕಾಯಿ ತಿಂದವರು.

ಹಟ್ಟಿಯ ಹಿರಿಯ ಬೋರಯ್ಯ ಅದನ್ನು ಸ್ವಲ್ಪ ಹೊತ್ತು ನೋಡಿ, ಕತ್ತಾಳೆ ನಾರಿನ ಕಂತೆಯೊಂದನ್ನು ನಡುವೆ ತಂದೆಸೆದ.

"ಮಾತಾಡದಿದ್ರೆ ಬಿಡ್ರಿ, ಹಗ್ಗ ಹೊಸೀರಿ. ಚಟ್ಟಕ್ಕೆ ಎಂಟು ಮಾರು ಬೇಕು. ಈ ತುದಿ ಮೇಷ್ಟ್ರು ಹಿಡೀಲಿ, ಆ ತುದಿ ಸಾಬಣ್ಣ ಹಿಡೀಲಿ. ಹುರಿ ಬಿಗಿಯಾಗಿರ್ಲಿ."

ಹಗ್ಗ ಹೊಸೆಯಲು ಇಬ್ಬರೂ ಎದುರುಬದುರು ಕೂರಲೇಬೇಕು. ಯರ್ರಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಇಬ್ಬರ ನಡುವೆ ಹುರಿ ಒಂದು ಮಾರು ಉದ್ದವಾಯಿತು.

"ಒಳ್ಳೆ ಪದಗಾರ," ಮೇಷ್ಟ್ರು ಹಗ್ಗಕ್ಕೆ ಹೇಳುವಂತೆ ಹೇಳಿದರು. "ಬಯಲಾಟ ಬಿಟ್ಟು ಆ ಬಯಸ್ಕೋಪಿನ ಡೇರೆ ಸೇರಿ ಹಾಳಾದ. ಪರದೆ ಮ್ಯಾಲೆ ಮೂಗರು ಓಡಾಡ್ತಾರೆ, ಇವನು ಪಕ್ಕದಾಗೆ ನಿಂತು ಅವರ ಮಾತು ಕೂಗ್ತಾನೆ. ಅದೇನು ಸಾಹಿತ್ಯಾನಾ?"

ಮೌಲಾ ಸಾಬ್ ನಾರಿನ ಎಳೆಯೊಂದನ್ನು ಹಲ್ಲಿನಿಂದ ಸೀಳಿದ.

"ನಿಮ್ಮ ಕಾದಂಬರಿ ಎಷ್ಟು ಜನ ಓದಿದ್ರು ಮೇಷ್ಟ್ರೆ?"

"ಹನ್ನೆರಡು."

"ಅದ್ರಾಗೆ ನಾನೊಬ್ಬ."

"ನೀನು ಓದಿದ್ಯಾ?"

"ಜೈಲಿಂದ ಬಂದ ಮ್ಯಾಲೆ. ಬಯ್ಯೋಕೆ ಸಾಮಾನು ಬೇಕಲ್ಲ."

ಮೇಷ್ಟ್ರ ತುಟಿ ಒಂದಿಷ್ಟು ಸಡಿಲವಾಯಿತು. "ಹೆಂಗಿತ್ತು?"

"ನಡುವಿನ ಮೂರು ಅಧ್ಯಾಯ ಚೆನ್ನಾಗದಾವೆ. ಆಮ್ಯಾಲೆ ಎಲ್ಲಾರೂ ನಿಮ್ಮಂಗೇ ಮಾತಾಡ್ತಾರೆ. ಅಗಸಗಿತ್ತೀನೂ ಭಾಷಣ ಮಾಡ್ತಾಳೆ." ಮೌಲಾ ಸಾಬ್ ಹುರಿ ಬಿಗಿಮಾಡಿದ. "ಕ್ಯಾತನ್ನ ನಾನು ಡೇರ್ಯಾಗೆ ಒಂದ್ಸಲ ನೋಡ್ದೆ. ಹಿಂದೆ ನಿಂತಿದ್ದೆ, ಅವನಿಗೆ ಗೊತ್ತಿಲ್ಲ. ಪರದೆ ಮ್ಯಾಲೆ ಒಂದು ಮಗ ಸತ್ತು ಬಿದ್ದೈತೆ. ಮುಂದೆ ಕುಂತ ಹೆಣ್ಮಗಳೊಬ್ಬಳು ಗೋಳೋ ಅಂತ ಅತ್ಲು. ಇವನು ಅವಳ್ನ ನೋಡಿ, 'ಸತ್ತಿಲ್ಲ ತಾಯಿ, ಜ್ವರ ಬಂದು ಮಲಗೈತೆ, ನಾಳೆ ಏಳ್ತೈತೆ' ಅಂತ ಕೂಗಿಬಿಟ್ಟ. ಡೇರೆಯೋನು ಬೈದ. ಜನ ನಂಬಿದ್ರು."

"ಸುಳ್ಳಲ್ಲವೇನಲೇ ಅದು?"

"ನಿಮ್ಮ ಕಾದಂಬರ್ಯಾಗೆ ಸತ್ಯ ಐತೆ. ಅದನ್ನ ತಗಂಡು ಆ ಹೆಣ್ಮಗಳು ಏನು ಮಾಡ್ಬೇಕು?"

ಮೇಷ್ಟ್ರು ನಾರು ಸೇರಿಸಿದರು. "ನಿನ್ನ ಹಿಡ್ಕಂಡು ಹೋದಾಗ ನಾನು ಅರ್ಜಿ ಬರೆದೆ. ಅದು ನಿಂಗೆ ಗೊತ್ತಿಲ್ಲ."

"ಗೊತ್ತೈತೆ. ಇಂಗ್ಲಿಷಿನಾಗೆ ಬರೆದಿದ್ರಿ. ಸಾಹೇಬ್ರು ಓದಿ ಬಾಳ ಮೆಚ್ಚಿಕೊಂಡ್ರಂತೆ. ಮೆಚ್ಚಿಕೊಂಡು ನನ್ನ ಒಳಗೇ ಇಟ್ರು." ಅವನ ದನಿ ಏರಲಿಲ್ಲ. "ದೇಶಕ್ಕೆ ಅಂತ ನೀವು ಟೋಪಿ ಹಾಕ್ಕಂಡ್ರಿ. ದೇಶ ಅಂದ್ರೆ ಏನಂತ ಕೇಳದ ನಂಗೆ ಬೇಡಿ ಬಿತ್ತು. ಒಂದು ಮಾತು, ಮೇಷ್ಟ್ರೆ. ಆ ಲಾವಣಿ ನಾನೇ ಕಟ್ಟಿದ್ದು ಅಂತ ಆವತ್ತು ಒಂದು ಮಾತು ಹೇಳಿದ್ರೆ ನಮ್ಮಮ್ಮನ್ನ ನೋಡ್ತಿದ್ದೆ."

"ನಾನು ಕಟ್ಟಿಲ್ಲ ಅಂತ ನೂರು ಸಲ ಹೇಳಿದೀನಿ."

"ಹಂಗಾದ್ರೆ ಉಳಿದೋನು ಒಬ್ಬನೇ."

ಇಬ್ಬರೂ ಕ್ಯಾತಪ್ಪ ಒರಗಿದ್ದ ಒಳಗಿನ ಗೋಡೆಯ ಕಡೆ ನೋಡಿದರು. ಯರ್ರಮ್ಮ ಬಾಗಿಲ ಸಂದಿಯಿಂದ ಹಿಂದಕ್ಕೆ ಸರಿದಳು.

*

ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ಊರಿನ ಮಗ್ಗಗಳೂ ನಿಲ್ಲುತ್ತಿದ್ದವು. ಹಾಗಾಗಿ ಹೊಲ ನೋಡುವ ಕ್ಯಾತಪ್ಪನಿಗೂ ನೂಲಿಗೆ ಬಣ್ಣ ಹಾಕುವ ಮೌಲಾ ಸಾಬನಿಗೂ ಒಂದೇ ದಿನ ಬಿಡುವು. ಮೇಷ್ಟ್ರು ಆಗ ಇದೇ ಊರಿನ ಶಾಲೆಯಲ್ಲಿದ್ದರು. ಮೂವರೂ ಜಗಲಿಯಲ್ಲಿ ಕೂತರೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ.

"ಮೊದ್ಲು ಕದ್ದ ಮಾಲು ಹೊರಗೆ ತೆಗೀರಿ" ಎನ್ನುತ್ತಿದ್ದ ಕ್ಯಾತಪ್ಪ. ಆ ತಿಂಗಳು ಬರೆದದ್ದರಲ್ಲಿ ಯಾವುದು ಎಲ್ಲಿಂದ ಎತ್ತಿದ್ದು ಎಂದು ಪ್ರತಿಯೊಬ್ಬನೂ ಒಪ್ಪಿಕೊಳ್ಳಬೇಕು, ಆಮೇಲೆಯೇ ಓದಬೇಕು. ಅದು ಅವರ ಕಟ್ಟಳೆ. ಕಡಲೆಕಾಯಿ ಹುರಿಯುತ್ತ ಒಳಗೆ ಕೂತ ಯರ್ರಮ್ಮನಿಗೆ ಅವರ ಕಳ್ಳತನಗಳೆಲ್ಲ ಬಾಯಿಪಾಠವಾಗಿದ್ದವು.

ಅವರಿಗೆ ಇನ್ನೊಂದು ಆಟವಿತ್ತು. ಲಾವಣಿಯ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು ಬರುತ್ತದೆ, ಅದೇ ಅಂಕಿತ. ಒಬ್ಬ ಪದ ಕಟ್ಟಿ ಇನ್ನೊಬ್ಬನ ಅಂಕಿತ ಹಾಕುವುದು, ನಿಜವಾಗಿ ಕಟ್ಟಿದವನು ಯಾರೆಂದು ಹೆಸರಿನವನು ಕಿವಿಯಿಂದಲೇ ಹಿಡಿಯುವುದು. ಹಿಡಿಯದಿದ್ದರೆ ಮುಂದಿನ ಅಮಾವಾಸ್ಯೆಗೆ ಬೆಲ್ಲ ಅವನೇ ತರಬೇಕು.

ಅಸಹಕಾರದ ಗದ್ದಲದ ವರ್ಷ ಕ್ಯಾತಪ್ಪ ಒಂದು ಲಾವಣಿ ಕಟ್ಟಿದ. ಅವಳು ರಾಗಿ ಬೀಸುತ್ತಿದ್ದಾಗ ಅವನು ಕಂಬಕ್ಕೆ ಒರಗಿ ಅವಳ ಕಲ್ಲಿನ ಲೆಕ್ಕಕ್ಕೆ ನುಡಿ ಕೂರಿಸಿದ. 'ಮಗ್ಗದ ಹಗ್ಗ ಕೊಯ್ದ ದೊರೆಯೇ, ನೀ ಸತ್ತ ದಿನ ನಿನಗೆ ಹೊದಿಸಲು ಯಾರ ಮನೆಯ ನೂಲು ತರಲಿ' ಎಂಬಲ್ಲಿಗೆ ಬಂದಾಗ ಅವಳು ಬೀಸುವುದನ್ನು ನಿಲ್ಲಿಸಿದ್ದಳು. ಕೊನೆಯ ನುಡಿಯಲ್ಲಿ ಮೊಳಕಾಲ್ಮೂರ ಮೌಲನ ಹೆಸರು. ಜಗಲಿಯಲ್ಲಿ ಹಾಡಿದರೆ ಏನು ಮಜಾ, ಸಂತೆಯಲ್ಲಿ ಅವನ ಕಿವಿಗೆ ಬಿದ್ದು ಅವನು ಬೆಚ್ಚಬೇಕು ಎಂದುಕೊಂಡು, ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೊರಟಿದ್ದ ಜೋಗಿಯೊಬ್ಬನಿಗೆ ಅದನ್ನು ಕಲಿಸಿ ಕಳಿಸಿದ. ಜೋಗಿ ತನ್ನ ದಾರಿ ಹಿಡಿದು ಹೋದ. ಪದ ಮಾತ್ರ ಸಂಸ್ಥಾನದ ಗಡಿ ದಾಟಿ ರಾಯದುರ್ಗದ ಸಂತೆಯ ಬಾಯಲ್ಲೆಲ್ಲ ನಿಂತಿತು. ಅಲ್ಲಿ ಆಳುತ್ತಿದ್ದವರು ಇಂಗ್ಲಿಷರು. ನೂಲು ಮಾರಲು ಹೋದ ಮೌಲಾ ಸಾಬನನ್ನು ಪೊಲೀಸಿನವರು ಹೆಸರು ಕೇಳಿದರು. ಅವನು ಹೇಳಿದ.

ಆರು ತಿಂಗಳು ಜೈಲಾಯಿತು. ಪದ ತನ್ನದಲ್ಲ ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಯಾರದ್ದಿರಬಹುದು ಎಂದು ಕೇಳಿದಾಗ ಅವನು ಗೆಳೆಯರಿಬ್ಬರ ಹೆಸರನ್ನೂ ಬಾಯಿ ಬಿಡಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅವನ ತಾಯಿ ಸಕೀನಾ ಬೀ ತೀರಿಕೊಂಡಳು.

*

ಹಿಡಿದುಕೊಂಡು ಹೋದ ಸುದ್ದಿ ಬಂದ ಸಂಜೆ ಕ್ಯಾತಪ್ಪ ರುಮಾಲು ಸುತ್ತಿಕೊಂಡು ಹೊರಟಿದ್ದ.

"ರಾಯದುರ್ಗಕ್ಕೆ ಹೋಗಿ ನಂದು ಅಂತ ಹೇಳಿ ಬರ್ತೀನಿ."

"ಹೇಳಿ ಬರ್ತೀಯಾ? ಬರಕ್ಕೆ ಬಿಡ್ತಾರಾ?" ಯರ್ರಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. ರಂಗಕ್ಕನಿಗೆ ಆಗ ಹತ್ತು ವರ್ಷ, ಮೂರು ದಿನದಿಂದ ಜ್ವರ. ಮಗುವನ್ನು ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. "ಅವ್ರ ಮನ್ಯಾಗೆ ಅಣ್ಣತಮ್ಮರು ಅದಾರೆ. ನಂಗೆ ಯಾರದಾರೆ? ಹೋಗ್ಬೇಕಂದ್ರೆ ನಮ್ಮಿಬ್ರನ್ನೂ ದಾಟಿ ಹೋಗು."

ಅವನು ಅವಳನ್ನು ನೋಡಿದ. ದಾಟುವುದು ಕಷ್ಟವೇನಿರಲಿಲ್ಲ. ಒಂದು ಕೈಯಿಂದ ಸರಿಸಬಹುದಿತ್ತು. ಅವನು ಮೆಲ್ಲಗೆ ರುಮಾಲು ಬಿಚ್ಚಿದ. ಬಿಚ್ಚುವಾಗ ಅವನ ಮುಖದ ಮೇಲೆ ಒಂದು ನಿರಾಳ ಸುಳಿದು ಹೋದದ್ದನ್ನು ಅವಳು ಕಂಡಳು. ಕಂಡದ್ದು ಅವನಿಗೂ ತಿಳಿಯಿತು. ಆಮೇಲಿನ ಐದು ವರ್ಷ ಗಂಡಹೆಂಡಿರು ಆ ಸಂಜೆಯ ವಿಷಯ ಎತ್ತಲಿಲ್ಲ. ಅವನು ಮತ್ತೆ ಪದವನ್ನೂ ಕಟ್ಟಲಿಲ್ಲ.

*

ಮಧ್ಯಾಹ್ನ ರಂಗಕ್ಕ ಬಂದು, ಅತ್ತು, ತಂದೆಯ ಕಾಲು ಹಿಡಿದು, ಕೊನೆಗೆ ಹೆಣ ಎದ್ದಿತು. ಇಬ್ಬರು ಗೆಳೆಯರೂ ಹೆಗಲು ಕೊಟ್ಟರು, ಒಬ್ಬ ಮುಂದೆ, ಒಬ್ಬರು ಹಿಂದೆ. ಹೊಲದ ಬದುವಿನಲ್ಲಿ ಬೇವಿನ ಮರದ ಬಳಿ ಗುಂಡಿ ತೋಡಿದ್ದರು. ಅವರ ಹಟ್ಟಿಯಲ್ಲಿ ಹೆಂಗಸರೂ ಗುಂಡಿಯವರೆಗೆ ಹೋಗುತ್ತಾರೆ.

ಹೆಣ ಇಳಿಸಿದ ಮೇಲೆ ಬೋರಯ್ಯ ಗುಂಡಿಯ ತಲೆಗೆ ಬಂದು ನಿಂತ. ಮಣ್ಣು ಹಾಕುವ ಮೊದಲು ಹಿರಿಯನು ಮೂರು ಸಲ ಕೇಳುವುದು ಹಟ್ಟಿಯ ರೂಢಿ. ಸತ್ತವನ ಮೇಲೆ ಯಾರದಾದರೂ ಮಾತು ಉಳಿದಿದ್ದರೆ ಅಲ್ಲೇ ಆಡಿ ಮುಗಿಸಬೇಕು. ಮುಗಿಯುವವರೆಗೆ ಗುಂಡಿ ಮುಚ್ಚುವಂತಿಲ್ಲ. ಸಾಮಾನ್ಯವಾಗಿ ಯಾರೂ ಏನೂ ಹೇಳುವುದಿಲ್ಲ.

"ಕ್ಯಾತಪ್ಪನ ಮ್ಯಾಲೆ ಯಾರದಾದ್ರೂ ಮಾತು ಉಳಿದೈತಾ?"

ಗಾಳಿಗೆ ಬೇವಿನ ಎಲೆ ಉದುರಿದವು. ಬೋರಯ್ಯ ಎರಡನೆಯ ಸಲ ಕೇಳಿದ. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಮೌಲಾ ಸಾಬ್ ಮುಂದೆ ಬಂದ.

"ನಂದೈತೆ."

ಜನ ಅವನತ್ತ ತಿರುಗಿದರು. ರಂಗಕ್ಕನ ಮಾವ ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಬಿಟ್ಟ.

"ಆ ಲಾವಣಿ ಯಾರು ಕಟ್ಟಿದ್ದಂತ ಐದು ವರ್ಷದಿಂದ ನಾನು ಬಾಯಿ ಬಿಟ್ಟು ಹೇಳಿಲ್ಲ. ದೊಡ್ಡೀರಪ್ಪ ಮೇಷ್ಟ್ರೇ ಅಂತ ನಂಬಿದ್ದೆ. ಜೈಲಿಂದ ಬಂದ ದಿನ ಕ್ಯಾತನ್ನ ಕೇಳ್ದೆ, ಇವನು ನೆಲ ನೋಡ್ದ. ಗೆಳೆಯನ್ನ ಕಾಯ್ತಾ ಅದಾನೆ ಅಂದ್ಕಂಡು ಇವನ ಅಂಗಳಾನೂ ಬಿಟ್ಟೆ. ರಾತ್ರಿಯೆಲ್ಲ ಇವನ ಮುಖ ನೋಡ್ತಾ ಕುಂತಿದ್ನಲ್ಲ, ಆವಾಗ ಅನುಮಾನ ಬಂತು." ಅವನು ಗುಂಡಿಯ ಅಂಚಿಗೆ ಇನ್ನೊಂದು ಹೆಜ್ಜೆ ಇಟ್ಟ. "ನಮ್ಮಮ್ಮಂಗೆ ನಾನು ಒಂದು ಹಿಡಿ ಮಣ್ಣು ಹಾಕ್ಲಿಲ್ಲ. ಕಟ್ಟಿದೋನು ಇವನೇ ಆಗಿದ್ರೆ ಇವನಿಗೂ ಹಾಕಲ್ಲ. ಅಷ್ಟೇ ನನ್ನ ಮಾತು."

"ಸತ್ತೋನು ಹೆಂಗೆ ಉತ್ತರ ಕೊಡ್ತಾನೋ ಸಾಬಣ್ಣ," ಎಂದ ಬೋರಯ್ಯ.

"ಯರ್ರಮ್ಮಕ್ಕ ಕೊಡ್ಲಿ. ಇವನು ಕಟ್ಟಿದ್ದೆಲ್ಲ ಅಕ್ಕನ ಕಿವಿ ಮ್ಯಾಲೇ ಬಿದ್ದೈತೆ. ಅಕ್ಕ ಹೂಂ ಅಂದ್ರೂ ಸರಿ, ಊಹೂಂ ಅಂದ್ರೂ ಸರಿ. ನಾನು ನಂಬ್ತೀನಿ."

ಅವನು ಅವಳ ಕಡೆ ತಿರುಗಿದ. ಆ ಕಣ್ಣುಗಳಲ್ಲಿ ಸಿಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವಳು ಗುಂಡಿಯೊಳಗೆ ನೋಡಿದಳು. ಕ್ಯಾತಪ್ಪ ಚಕ್ಕಳಮಕ್ಕಳ ಹಾಕಿ, ಪದ ಕೇಳುವವನಂತೆ ತಲೆ ಬಾಗಿಸಿ ಕುಳಿತಿದ್ದ. ಪಕ್ಕದಲ್ಲಿ ರಂಗಕ್ಕ ಅವಳ ಸೆರಗು ಹಿಡಿದುಕೊಂಡಿದ್ದಳು, ಅಂದು ಜ್ವರದಲ್ಲಿ ಹಿಡಿದುಕೊಂಡಿದ್ದಂತೆಯೇ. ಊಹೂಂ ಎನ್ನಲು ಅವಳ ಕತ್ತು ಅಲುಗಲಿಲ್ಲ.

"ಮೌಲಣ್ಣ..." ಎಂದಳು.

"ಅವ್ರನ್ನ ಯಾಕಲೇ ಎಳೀತೀಯ?" ಜನರ ಹಿಂದಿನಿಂದ ಮೇಷ್ಟ್ರ ದನಿ ಬಂತು. ಅವರು ದಾರಿ ಮಾಡಿಕೊಂಡು ಮುಂದೆ ಬಂದರು. ಟೋಪಿ ಈಗಲೂ ಕೈಯಲ್ಲೇ ಇತ್ತು. "ಕಟ್ಟಿದೋನು ನಾನು."

"ಬೆಳಿಗ್ಗೆ ಇಲ್ಲ ಅಂದ್ರಿ."

"ಐದು ವರ್ಷದಿಂದ ಇಲ್ಲ ಅಂದೆ. ಸರ್ಕಾರದ ಕೆಲಸ, ಹೋಗಿಬಿಡ್ತೈತೆ ಅಂತ ಹೆದರಿದ್ದೆ. ಕ್ಯಾತಂಗೆ ಗೊತ್ತಿತ್ತು. ಹೇಳಬ್ಯಾಡ ಅಂತ ಕೈ ಹಿಡ್ಕಂಡಿದ್ದೆ. ಅದಕ್ಕೆ ಅವನು ನೆಲ ನೋಡಿದ್ದು." ಮಕ್ಕಳು ಪಾಠ ಒಪ್ಪಿಸುವಂತೆ ಅವರು ಒಂದೊಂದೇ ಮಾತನ್ನು ಸ್ಪಷ್ಟವಾಗಿ ಹೇಳಿದರು. ಯರ್ರಮ್ಮನ ಕಡೆ ಒಮ್ಮೆಯೂ ನೋಡಲಿಲ್ಲ.

ಮೌಲಾ ಸಾಬ್ ಬಹಳ ಹೊತ್ತು ಅವರನ್ನು ನೋಡಿದ. ಆಮೇಲೆ ಬಗ್ಗಿ, ನೀಲಿ ಉಗುರುಗಳ ಕೈಯಿಂದ ಮೂರು ಸಲ ಮಣ್ಣು ತೆಗೆದು ಗುಂಡಿಗೆ ಹಾಕಿದ.

"ಕ್ಯಾತ, ನಿನ್ನ ಮ್ಯಾಲೆ ನಂದೇನೂ ಇಲ್ಲ. ಅನುಮಾನ ಪಟ್ಟಿದ್ದಕ್ಕೆ ಮಾಫ್ ಮಾಡು." ಎದ್ದು ನಿಂತು ಮೇಷ್ಟ್ರಿಗೆ ಹೇಳಿದ. "ನಿಮ್ಮ ಗುಂಡಿ ಹತ್ರ ನನ್ನ ಕಾಯಬ್ಯಾಡ್ರಿ."

ಬೋರಯ್ಯ ಕೈ ಬೀಸಿದ. ಜನ ಗುದ್ದಲಿಗೆ ಕೈ ಹಾಕಿದರು.

*

ಮಣ್ಣು ಮಾಡಿದ ಮೇಲೆ ಎಲ್ಲರೂ ಹೊಲದ ಬಾವಿಗೆ ಬಂದರು. ಮಣ್ಣು ಹಾಕಿದ ಕೈಯಿಂದ ಯಾರೂ ತಾವಾಗಿಯೇ ನೀರು ಮುಟ್ಟಬಾರದು. ಒಬ್ಬನ ಕೈಗೆ ಇನ್ನೊಬ್ಬ ಹೊಯ್ಯಬೇಕು. ಮಗಳು ತಾಯಿಗೆ ಹೊಯ್ದಳು, ಯರ್ರಮ್ಮ ಮಗಳಿಗೆ ಹೊಯ್ದಳು. ಬೋರಯ್ಯ ಮೌಲಾ ಸಾಬನಿಗೆ ಹೊಯ್ದ, ಹೊಯ್ದು ಅವನ ಬೆನ್ನ ಮೇಲೆ ಕೈಯಿಟ್ಟ. ತೊಳೆದುಕೊಂಡವರು ಹಿಂತಿರುಗಿ ನೋಡದೆ ಊರಿನ ದಾರಿ ಹಿಡಿದರು.

ಮೇಷ್ಟ್ರು ಬಾವಿಕಟ್ಟೆಯ ಪಕ್ಕದಲ್ಲಿ ಎರಡೂ ಕೈಗಳನ್ನು ಮುಂದೆ ಹಿಡಿದು ನಿಂತಿದ್ದರು. ಅವರ ಮುಂದಿನಿಂದ ಒಬ್ಬೊಬ್ಬರೇ ಹಾದು ಹೋದರು. ಬಿಂದಿಗೆ ತುಂಬಿಯೇ ಇತ್ತು.

"ನಮ್ಮ ಮನೆ ಕಡಲೆಕಾಯಿ ಎಷ್ಟು ತಿಂದಿಲ್ಲ ಈ ಮೇಷ್ಟ್ರು," ರಂಗಕ್ಕ ತಾಯಿಯ ಕಿವಿಯಲ್ಲಿ ಹೇಳಿದಳು. "ಇವರ ಗುಟ್ಟು ಕಾದು ಕಾದೇ ಅಪ್ಪನ ಎದೆ ಒಡೀತು. ಅಲ್ಲವೇನವ್ವ?"

ಯರ್ರಮ್ಮ ಬಾವಿಯ ಕಡೆಗೆ ಎರಡು ಹೆಜ್ಜೆ ಇಟ್ಟಳು. ದಾರಿಯಲ್ಲಿ ಮೌಲಾ ಸಾಬ್ ನಿಂತು ಹಿಂತಿರುಗಿ ನೋಡುತ್ತಿದ್ದ. ಈಗ ತಾನು ಆ ಬಿಂದಿಗೆ ಎತ್ತಿದರೆ, ಗುಂಡಿಯ ಬಳಿ ಆಡದೆ ಉಳಿದ ಮಾತನ್ನು ಆಡಿದಂತೆಯೇ. ಮಗಳಿಗೂ ಹೇಳಬಾರದು, ಸಾಯುವ ಹೊತ್ತಿಗೂ ಹೇಳಬಾರದು. ಅವಳು ನಿಂತಳು.

"ನಡಿ, ದೀಪ ಹಚ್ಚೋ ಹೊತ್ತಾತು," ಎಂದು ಮಗಳ ಕೈ ಹಿಡಿದು ತಿರುಗಿಸಿದಳು.

ಬದು ಏರುವಾಗ ಒಮ್ಮೆ ಮಾತ್ರ ಹೊರಳಿ ನೋಡಿದಳು. ಮೇಷ್ಟ್ರು ಕುಕ್ಕುರುಗಾಲಲ್ಲಿ ಕೂತು, ಬಿಂದಿಗೆಯ ಕತ್ತಿಗೆ ಮೊಣಕೈ ಒತ್ತಿ ಅದನ್ನು ಬಗ್ಗಿಸಲು ನೋಡುತ್ತಿದ್ದರು. ನೀರು ಅವರ ಕೈಗೆ ಬೀಳದೆ ಪಕ್ಕದ ಕಲ್ಲಿನ ಮೇಲೆ ಹರಿದು ಹೋಗುತ್ತಿತ್ತು.